ಜಾಲದೊಳಗಿನ ಮುಯ್ಯಾಳು

ನಮ್ಮೂರಿನಲ್ಲಿ ನಾಟಿ ಕಾಲಕ್ಕೆ ಮುಯ್ಯಾಳು ಪದ್ಧತಿ ಇತ್ತು. ಇವತ್ತು ನೀವು ನಮ್ಮ ಗದ್ದೆಗೆ ಬಂದರೆ ನಾಳೆ ನಾವು ನಿಮ್ಮ ಗದ್ದೆಗೆ. ಕೂಲಿಯಿಲ್ಲ, ಲೆಕ್ಕದ ಪುಸ್ತಕವಿಲ್ಲ. ಆದರೆ ಬಾರದವನ ಗದ್ದೆಗೆ ಮರುವರ್ಷ ಯಾರೂ ಇಳಿಯುತ್ತಿರಲಿಲ್ಲ. ಅಮೆರಿಕಕ್ಕೆ ಬಂದು ಕಂಪ್ಯೂಟರ್ ಜಾಲಗಳ ಕೆಲಸಕ್ಕೆ ಸೇರಿದ ಮೇಲೆ ಅದೇ ಪ್ರಶ್ನೆ ಮತ್ತೆ ಎದುರಾಯಿತು: ಯಜಮಾನನೇ ಇಲ್ಲದ ಕಡೆ ಜನ ಒಬ್ಬರಿಗೊಬ್ಬರು ಏಕೆ ಒದಗಬೇಕು?

2000ದಲ್ಲಿ ಬಂದ ನುಟೆಲ್ಲಾ ಜಾಲಕ್ಕೆ ಕೇಂದ್ರವಿರಲಿಲ್ಲ. ಒಬ್ಬರ ಕಂಪ್ಯೂಟರಿನಲ್ಲಿದ್ದ ಕಡತವನ್ನು ಇನ್ನೊಬ್ಬರು ನೇರವಾಗಿ ಪಡೆಯುತ್ತಿದ್ದರು. ಅದೇ ವರ್ಷ ಅಡಾರ್ ಮತ್ತು ಹ್ಯೂಬರ್‌ಮನ್ ಎಂಬ ಸಂಶೋಧಕರು ಅಳೆದು ನೋಡಿದಾಗ, ಸುಮಾರು ಶೇ. 70ರಷ್ಟು ಮಂದಿ ಏನನ್ನೂ ಹಂಚುತ್ತಿರಲಿಲ್ಲ.

2001ರಲ್ಲಿ ಬ್ರಾಮ್ ಕೋಹೆನ್ ಹೊರತಂದ ಬಿಟ್‌ಟೊರೆಂಟ್ ಇದಕ್ಕೆ ಮುಯ್ಯಿಯನ್ನೇ ಮದ್ದಾಗಿಸಿತು. ಅದರಲ್ಲಿ ದೊಡ್ಡ ಕಡತ ಚೂರುಚೂರಾಗಿ ಹಂಚಿಕೆಯಾಗುತ್ತದೆ. ನನಗೆ ವೇಗವಾಗಿ ಕೊಡುವವರಿಗೆ ನನ್ನ ಕಂಪ್ಯೂಟರೂ ಕೊಡುತ್ತದೆ, ಕೊಡದವರನ್ನು ಕಾಯಿಸುತ್ತದೆ.

ಆದರೆ ಈಗಷ್ಟೇ ಬಂದವನ ಕೈಯಲ್ಲಿ ಕೊಡಲು ಒಂದು ಚೂರೂ ಇರುವುದಿಲ್ಲವಲ್ಲ? ಅದಕ್ಕೆಂದು ಕೋಹೆನ್ ಇನ್ನೊಂದು ನಿಯಮ ಇಟ್ಟಿದ್ದರು: 30 ಸೆಕೆಂಡಿಗೊಮ್ಮೆ ಯಾರಾದರೊಬ್ಬರನ್ನು, ಅವರು ಏನು ಕೊಟ್ಟರೆಂದು ನೋಡದೆ, ಆರಿಸಿಕೊಂಡು ಕೊಡಬೇಕು.

ಇದನ್ನು ಓದಿದಾಗ ನಾನು ಇಲ್ಲಿಗೆ ಬಂದಿಳಿದ ದಿನಗಳು ನೆನಪಾದವು. ಗುರುತಿಲ್ಲದ ಕನ್ನಡ ಕುಟುಂಬವೊಂದು ನನ್ನನ್ನು ತಿಂಗಳೊಪ್ಪತ್ತು ಮನೆಯಲ್ಲಿಟ್ಟುಕೊಂಡಿತ್ತು. ಅವರಿಗೆ ತಿರುಗಿ ಕೊಡಲು ನನಗೆ ಆಗಲೇ ಇಲ್ಲ. ನನ್ನ ನಂತರ ಬಂದವರಿಗೆ ಕೊಟ್ಟೆ. ಮುಯ್ಯಿಯಿಂದ ಜಾಲ ಉಳಿಯುತ್ತದೆ, ನಿಜ. ಆದರೆ ಹೊಸಬರು ಅದರೊಳಗೆ ಸೇರುವುದು ಲೆಕ್ಕವಿಡದೆ ಕೊಟ್ಟ ಆ ಮೊದಲ ತುತ್ತಿನಿಂದ.