ಹದಿನಾರಾಣೆಯ ಲೆಕ್ಕ



ಸೊಲ್ಲಾಪುರ, ಅಕ್ಕಲಕೋಟೆ, ಜತ್ತ ಕಡೆಯ ನಮ್ಮ ಹಿರಿಯರಲ್ಲಿ ಶಾಲೆಯ ಮೆಟ್ಟಿಲು ಹತ್ತದವರೂ ಸಂತೆಯಲ್ಲಿ ಲೆಕ್ಕ ಹಾಕುತ್ತಿದ್ದರು. ಅದರ ಗುಟ್ಟು ಅಂದಿನ ನಾಣ್ಯ, ತೂಕಗಳಲ್ಲೇ ಇತ್ತು.

ಆಗ ರೂಪಾಯಿಗೆ 16 ಆಣೆ, ಸೇರಿಗೆ 16 ಛಟಾಕು. ಹದಿನಾರರ ಅರ್ಧ 8; ಮುಂದೆ 4, 2, 1. ಎಲ್ಲಿಯೂ ಶೇಷ ಉಳಿಯದು. ರೊಟ್ಟಿ ಮುರಿದಂತೆ ಅರ್ಧ ಮಾಡುತ್ತ ಹೋದರೆ ಭಾಗಾಕಾರ ಮುಗಿಯಿತು. ಸೇರು ತುಪ್ಪಕ್ಕೆ 5 ರೂಪಾಯಿ ಎನ್ನಿ, ಛಟಾಕಿಗೆ 5 ಆಣೆ. ರೂಪಾಯಿ ಎಂದಲ್ಲಿ ಆಣೆ ಎಂದರಾಯಿತು! ಕಾಲು, ಅರೆ, ಮುಕ್ಕಾಲರ ಮಗ್ಗಿಗಳೂ ಮಕ್ಕಳಿಗೆ ಬಾಯಿಪಾಠ. ಮರಾಠಿಯಲ್ಲಿ ಅವೇ ಪಾವಕಿ, ನಿಮಕಿ, ಪಾವುಣಕಿ.

ಈ ವಿದ್ಯೆ ನಮಗೆ ಹೊಸದಲ್ಲ. 9ನೆಯ ಶತಮಾನದಲ್ಲಿ, ಅಮೋಘವರ್ಷ ನೃಪತುಂಗನ ಕಾಲದಲ್ಲಿ, ಮಹಾವೀರಾಚಾರ್ಯನು ಸಂಸ್ಕೃತದಲ್ಲಿ ‘ಗಣಿತಸಾರ ಸಂಗ್ರಹ’ ರಚಿಸಿದ. 12ನೆಯ ಶತಮಾನದ ರಾಜಾದಿತ್ಯ ಕನ್ನಡದಲ್ಲಿಯೇ ‘ವ್ಯವಹಾರ ಗಣಿತ’ ಬರೆದ.

1957ರ ಏಪ್ರಿಲ್ 1ರಂದು ರೂಪಾಯಿಗೆ 100 ನಯಾ ಪೈಸೆ ಬಂತು. 1958ರ ಅಕ್ಟೋಬರಿನಿಂದ ಕಿಲೋ ತೂಕ ಹಂತಹಂತವಾಗಿ ಬಂತು. ಒಂದಾಣೆ ಎಂದರೆ ಆರೂಕಾಲು ಪೈಸೆಯಾಯಿತು. ಲೆಜರ್ ಕೂಡಿಸುವುದು ಇದರಿಂದ ಹಗುರಾಯಿತು. ಬ್ಯಾಂಕಿನಲ್ಲಿ ಆಯುಷ್ಯ ಕಳೆದ ನಾನು ಅದನ್ನು ಅಲ್ಲಗಳೆಯಲಾರೆ. ಆದರೆ ಕಾಲು, ಅರೆ ಮಗ್ಗಿಗಳು ಮೂಲೆ ಸೇರಿದವು. ನಾಲ್ಕಾಣೆ ಎಂದು ಕರೆಯುತ್ತಿದ್ದ 25 ಪೈಸೆಯ ನಾಣ್ಯವೂ 2011ರಲ್ಲಿ ಚಲಾವಣೆಯಿಂದ ಹೋಯಿತು.

ಮರಾಠಿ ಶಾಲೆಗೆ ಹೋಗುವ ನಮ್ಮ ಮಗು ಅಲ್ಲಿ ಪಾಢೆ ಹೇಳುತ್ತದೆ, ಮನೆಯಲ್ಲಿ ಕನ್ನಡ ಆಡುತ್ತದೆ. ಮನೆಯಲ್ಲಿ ಲೆಕ್ಕದ ಮಾತೇ ಬಾರದಿದ್ದರೆ ‘ಮುಕ್ಕಾಲು’ ಎಂಬ ಶಬ್ದ ಅದಕ್ಕೆ ಯಾರು ಕಲಿಸಬೇಕು?

ತಾಯಂದಿರೇ, ಹಿರಿಯರೇ, ಇದಕ್ಕೆ ಪಾಟಿ-ಪೇಣೆ ಬೇಡ. ಕಿಲೋ ಶೇಂಗಾಕ್ಕೆ 160 ರೂಪಾಯಿ ಎಂದುಕೊಳ್ಳಿ. ಅರ್ಧ ಕಿಲೋಕ್ಕೆ 80, ಕಾಲಿಗೆ 40. ಎರಡನ್ನೂ ಕೂಡಿಸಿದರೆ ಮುಕ್ಕಾಲಿಗೆ 120. ಉತ್ತರ ಮಗುವಿನ ಬಾಯಿಂದಲೇ ಬರಲಿ, ನೀವು ಅವಸರ ಮಾಡಬೇಡಿ. ಬುಟ್ಟಿಯಲ್ಲಿ 12 ರೊಟ್ಟಿ, ಉಣ್ಣುವವರು 4 ಜನ. ಮಗುವೇ ಹಂಚಲಿ. ತಲೆಗೆ ಮೂರು ಬಂದ ಮೇಲೆ ‘ನಾಲ್ಕು ಮೂರಲೆ ಹನ್ನೆರಡು’ ಎನ್ನಿಸಿ; ‘ಚಾರ ತ್ರಿಕ ಬಾರಾ’ ಎಂದೂ ಹೇಳಲಿ. ಭಾಗಾಕಾರವೆಂದರೆ ಮಗ್ಗಿಯನ್ನೇ ಹಿಂದಿನಿಂದ ಓದಿದಂತೆ ಎಂಬುದು ಆಗ ತಾನಾಗಿ ತಿಳಿಯುತ್ತದೆ.

ಎರಡು ಭಾಷೆಯಲ್ಲಿ ಎಣಿಸಬಲ್ಲ ಮಗು ಎರಡು ಸಂತೆಯಲ್ಲೂ ಮೋಸಹೋಗದು. ಇಂದು ರಾತ್ರಿಯ ಊಟದಿಂದಲೇ ಆರಂಭಿಸಿರಿ.