ಬೆಂಕಿಯಲ್ಲಿ ಹುಟ್ಟಿದ ಬೆಳಕಿನ ಪುಡಿ

ಬೆಳಕಿನ ಚರಿತ್ರೆಯನ್ನು ಸಾಮಾನ್ಯವಾಗಿ ದೀಪಗಳ ಚರಿತ್ರೆಯಾಗಿ ಬರೆಯಲಾಗುತ್ತದೆ. ದೀಪದೊಳಗೆ ಬೆಳಗುವ ಪದಾರ್ಥವನ್ನು ಸಿದ್ಧಪಡಿಸಿದ ಕಸುಬು ಅದರಲ್ಲಿ ಮರೆಯಾಗುತ್ತದೆ. ವಿರಳ ಭಸ್ಮ ಧಾತುಗಳನ್ನು ಬೆರೆಸಿದ ಆಕ್ಸೈಡುಗಳ ವಿಷಯದಲ್ಲಿ ಈ ಕೊರತೆ ಎದ್ದು ಕಾಣುತ್ತದೆ; ಏಕೆಂದರೆ ಆ ಚರಿತ್ರೆಯ ಒಂದು ಮುಖ್ಯ ಅಧ್ಯಾಯ ನಡೆದದ್ದು ಬೆಂಗಳೂರಿನಲ್ಲಿ.

ಸ್ವೀಡನ್ನಿನ ಇಟ್ಟರ್‌ಬಿ ಗ್ರಾಮದಲ್ಲಿ 1787ರಲ್ಲಿ ದೊರೆತ ಕಪ್ಪು ಕಲ್ಲಿನಲ್ಲಿ ಹೊಸ ಭಸ್ಮವೊಂದು ಇರುವುದನ್ನು ಯೋಹಾನ್ ಗಾಡೊಲಿನ್ 1794ರಲ್ಲಿ ಗುರುತಿಸಿದನು. ಇಟ್ರಿಯಮ್ ಧಾತುವಿಗೆ ಆ ಊರಿನ ಹೆಸರೇ ಬಂದಿತು. ಮುಂದೆ ಆಸ್ಟ್ರಿಯಾದ ಔವರ್ ಫಾನ್ ವೆಲ್ಸ್‌ಬಾಖ್ ಥೋರಿಯಮ್ ಮತ್ತು ಸೀರಿಯಮ್ ನೈಟ್ರೇಟುಗಳ ದ್ರಾವಣದಲ್ಲಿ ಹತ್ತಿಯ ಜಾಲರಿಯನ್ನು ಅದ್ದಿ, ಸುಟ್ಟು, 1891ರಲ್ಲಿ ಗ್ಯಾಸ್‌ಲೈಟಿನ ಮ್ಯಾಂಟಲನ್ನು ರೂಪಿಸಿದನು. ಹತ್ತಿ ಉರಿದುಹೋದರೂ ಆಕ್ಸೈಡಿನ ಬಲೆ ಆಕಾರಗೆಡದೆ ಉಳಿಯುತ್ತಿತ್ತು. ಕರ್ನಾಟಕದ ಬಯಲಾಟಗಳೂ ಮೆರವಣಿಗೆಗಳೂ ಬಹುಕಾಲ ಈ ಬಗೆಯ ದೀಪದ ಬೆಳಕಿನಲ್ಲಿಯೇ ನಡೆದವು.

ಮ್ಯಾಂಟಲ್ ಬೆಳಗುವುದು ಕಾವಿನಿಂದ. ದೀಪ್ತಿಶೀಲ ಪುಡಿಯಾದರೋ ಅತಿನೇರಳೆ ಕಿರಣವನ್ನು ಹೀರಿ ಕಣ್ಣಿಗೆ ಕಾಣುವ ಬೆಳಕನ್ನು ಸೂಸುತ್ತದೆ. ಯುರೋಪಿಯಮ್ ಬೆರೆಸಿದ ಇಟ್ರಿಯಮ್ ಆಕ್ಸೈಡ್ ಸುಮಾರು 611 ನ್ಯಾನೋಮೀಟರಿನ ಕೆಂಪು ಬೆಳಕನ್ನು ನೀಡುತ್ತದೆ. ಹಳೆಯ ಕ್ರಮದಲ್ಲಿ ಆಕ್ಸೈಡುಗಳನ್ನು ಬೆರೆಸಿ, ಗಂಟೆಗಟ್ಟಲೆ ಉಗ್ರ ಕಾವಿನಲ್ಲಿಟ್ಟು, ಅರೆಯಬೇಕಾಗಿತ್ತು. ಅರೆದಾಗ ಕಣಗಳ ಮೇಲ್ಮೈ ಕೆಟ್ಟು ಹೊಳಪು ಕುಂದುತ್ತಿತ್ತು.

ಭಾರತೀಯ ವಿಜ್ಞಾನ ಸಂಸ್ಥೆಯ ಜೆ. ಜೆ. ಕಿಂಗ್‌ಸ್ಲೀ ಮತ್ತು ಕೆ. ಸಿ. ಪಾಟೀಲರು 1988ರಲ್ಲಿ ಬೇರೊಂದು ಮಾರ್ಗವನ್ನು ಪ್ರಕಟಿಸಿದರು. ಅಲ್ಯೂಮಿನಿಯಮ್ ನೈಟ್ರೇಟ್ ಮತ್ತು ಯೂರಿಯಾಗಳ ದ್ರಾವಣವನ್ನು 500 ಡಿಗ್ರಿ ಸೆಲ್ಸಿಯಸ್ ಕಾವಿನ ಕುಲುಮೆಯಲ್ಲಿಟ್ಟರೆ ಅದು ಕುದಿದು, ನೊರೆಯೆದ್ದು, ತಾನಾಗಿ ಹೊತ್ತಿಕೊಳ್ಳುತ್ತದೆ. ಕೆಲವೇ ನಿಮಿಷಗಳಲ್ಲಿ ಉಬ್ಬಿದ ಬಿಳಿಯ ಆಕ್ಸೈಡ್ ಸಿದ್ಧವಾಗುತ್ತದೆ. ಬೇಕಾದ ಉಗ್ರ ಕಾವನ್ನು ಮಿಶ್ರಣದ ಉರಿಯೇ ಒದಗಿಸುತ್ತದೆ. ಹೊಮ್ಮುವ ಅನಿಲಗಳು ಕಣಗಳನ್ನು ಗಟ್ಟಿಯಾಗಿ ಬೆಸೆಯಲು ಬಿಡುವುದಿಲ್ಲ. ಎಸ್. ಏಕಾಂಬರಂ ಅವರೊಡನೆ ಪಾಟೀಲರು 1990ರ ದಶಕದಲ್ಲಿ ಇದೇ ಕ್ರಮದಿಂದ ದೀಪಗಳ ದೀಪ್ತಿಶೀಲ ಪುಡಿಗಳನ್ನು ತಯಾರಿಸಿದರು. ಗ್ಲೈಸಿನ್‌ನಂತಹ ಇಂಧನಗಳ ಬಳಕೆಯಿಂದ ನ್ಯಾನೋ ಗಾತ್ರದ ಕಣಗಳೂ ಸಾಧ್ಯವಾದವು.

ಮ್ಯಾಂಟಲಿನಿಂದ ಈ ಪುಡಿಗೆ ನೇರ ವಂಶಾವಳಿಯನ್ನು ಕಲ್ಪಿಸಬೇಕಾಗಿಲ್ಲ. ಆದರೆ ನೈಟ್ರೇಟು ಇಂಧನದೊಡನೆ ಉರಿದು ಆಕ್ಸೈಡಾಗಿ ಉಳಿಯುವ ತತ್ತ್ವ ಎರಡಕ್ಕೂ ಸಮಾನವಾದುದು. ಕೆಂಪು ಪುಡಿಯನ್ನು ಬಳಸುತ್ತಿದ್ದ ಪ್ರತಿದೀಪ್ತಿ ದೀಪಗಳ ಸ್ಥಾನವನ್ನು ಇಂದು ಎಲ್‌ಇಡಿ ಬಹುಮಟ್ಟಿಗೆ ಆಕ್ರಮಿಸಿದೆ. ದೀಪಗಳ ಚರಿತ್ರೆ ಅಲ್ಲಿಗೆ ಮುಗಿಯಬಹುದು. ತಯಾರಿಕೆಯ ಚರಿತ್ರೆ ಮುಗಿಯುವುದಿಲ್ಲ. ಎಷ್ಟು ಇಂಧನಕ್ಕೆ ಉರಿ ಹೇಗೆ ಏಳುತ್ತದೆ, ಬೂದಿ ಹೇಗೆ ಉಬ್ಬುತ್ತದೆ ಎಂಬ ಪ್ರಯೋಗಶಾಲೆಯ ಕೈಯರಿವು ಕುಂಬಾರನ ಆವಿಗೆಯ ಅರಿವಿನಷ್ಟೇ ದಾಖಲೆಗೆ ಅರ್ಹವಾದುದು. ಬಲ್ಲವರು ಇರುವಾಗಲೇ ಆ ಕಾರ್ಯ ನಡೆಯಬೇಕು.