ಪದ ಪರಿಚಯ: ಸರಬರಾಜು

ಸರಬರಾಜು (ನಾಮಪದ): ಬೇಕಾದ ವಸ್ತುವನ್ನು ಬೇಕಾದಲ್ಲಿಗೆ ಒದಗಿಸುವುದು, ಪೂರೈಕೆ. ಮೂಲ ಪರ್ಶಿಯನ್: 'ಸರ್' ಎಂದರೆ ತಲೆ, 'ರಾಹ್' ಎಂದರೆ ದಾರಿ. ಉರ್ದುವಿನ 'ಸರ್‌ಬರಾಹ್' ಇಂದಿಗೂ ಮುಖ್ಯಸ್ಥ, ಮೇಲ್ವಿಚಾರಕ. ಕನ್ನಡದಲ್ಲಿ 'ಸರಬರಾಯಿ' ಎಂಬ ರೂಪವೂ ಉಂಟು. ಉಸ್ತುವಾರಿಯ ಅರ್ಥ ನಮ್ಮಲ್ಲಿ ಸವೆದು, ಒದಗಿಸುವ ಅರ್ಥವಷ್ಟೇ ಉಳಿಯಿತು.

ಆಸ್ಪತ್ರೆಗೆ ಎರಡೂ ಅರ್ಥ ಬೇಕು. ಯಾವುದೇ ಕಾರ್ಖಾನೆಯ ಔಷಧವೂ ಸಗಟು ವ್ಯಾಪಾರಿ, ಆಸ್ಪತ್ರೆಯ ಉಗ್ರಾಣ, ಔಷಧಾಲಯ, ವಾರ್ಡು ದಾಟಿಯೇ ರೋಗಿಯನ್ನು ಮುಟ್ಟಬೇಕು. ಈ ನಾಲ್ಕು ಕಡೆಯ ಲೆಕ್ಕ ಒಂದಕ್ಕೊಂದು ತಾಳೆಯಾಗಬೇಕು. ಅವಧಿ ಮೊದಲು ಮುಗಿಯುವ ಔಷಧ ಮೊದಲು ಹೊರಹೋಗಬೇಕು. ಹೆಚ್ಚಿನ ಲಸಿಕೆಗಳು 2ರಿಂದ 8 ಡಿಗ್ರಿ ಸೆಲ್ಸಿಯಸ್‌ನಲ್ಲೇ ಇರಬೇಕು. ಒಂದು ಕೊಂಡಿ ತಪ್ಪಿದರೂ ರೋಗಿಗೆ ಪೆಟ್ಟು.

ಬಳಕೆ: ನೀರು ಸರಬರಾಜು, ಸರಬರಾಜುದಾರ. ಸರ್ಕಾರಿ ಆಸ್ಪತ್ರೆಗಳಿಗೆ ಔಷಧ ಖರೀದಿಸಿ ಕೊಡುವ ಸಂಸ್ಥೆಯ ಹೆಸರಿನಲ್ಲೂ ಈ ಪದವಿದೆ: ಕರ್ನಾಟಕ ರಾಜ್ಯ ವೈದ್ಯಕೀಯ ಸರಬರಾಜು ನಿಗಮ. ಕಳುಹಿಸಿದರೆ ಸಾಲದು, ತಲುಪುವವರೆಗೆ ಹೊಣೆ ಹೊರಬೇಕು ಎಂಬ ಹಳೆಯ ಅರ್ಥವನ್ನು ಆಸ್ಪತ್ರೆಗಳು ಮರಳಿ ಪಡೆಯಬೇಕು.